ದೊಡ್ಡ ಮೀನಿನ ತೊಟ್ಟಿ ಬಿಸಿಯಾಗುತ್ತಿಲ್ಲವೇ? ಹೀಟರ್ ಬದಲಿಸುವ ಮುನ್ನ ದೋಷ ಹುಡುಕುವ ಬಗೆ

ಹೀಟರ್‌ನ ಗುಂಡಿಯನ್ನು 26ಕ್ಕೆ ತಿರುಗಿಸಿ ಎರಡು ದಿನವಾಗಿದೆ, ಕೆಂಪು ದೀಪ ಆರಿದ್ದೇ ಇಲ್ಲ, ಆದರೂ ನೀರು 23 ಡಿಗ್ರಿ ದಾಟುತ್ತಿಲ್ಲ. 300 ಲೀಟರಿಗಿಂತ ದೊಡ್ಡ ತೊಟ್ಟಿ ಇಟ್ಟವರಿಂದ ಹೆಚ್ಚಾಗಿ ಬರುವ ದೂರು ಇದೇ. ಹೀಟರ್ ಸಾಲುತ್ತಿಲ್ಲ, ಇನ್ನೂ ದೊಡ್ಡದು ತರೋಣ ಎಂದು ಮನಸ್ಸು ಓಡುತ್ತದೆ. ಕೆಲವೊಮ್ಮೆ ಅದೇ ಸರಿಯಾದ ಉತ್ತರ. ಆದರೆ ಕಡಿಮೆ ವೋಲ್ಟೇಜ್, ಒಳಗೆ ತುಂಡಾದ ತಂತಿ, ಮುಚ್ಚಳವಿಲ್ಲದ ತೊಟ್ಟಿ, ಸುಳ್ಳು ಹೇಳುವ ಥರ್ಮಾಮೀಟರ್, ಇವೆಲ್ಲವೂ ಹೊರಗಿನಿಂದ ಹೀಗೇ ಕಾಣುತ್ತವೆ. ಯಾವುದು ಎಂದು ತಿಳಿಯದೆ ವ್ಯಾಟ್ ಏರಿಸಿದರೆ ದೋಷ ಅಲ್ಲೇ ಉಳಿಯುತ್ತದೆ, ಜೊತೆಗೆ ಹೀಟರ್ ಕೈಕೊಟ್ಟ ದಿನ ಮೀನು ಬೇಯಿಸುವಷ್ಟು ಶಕ್ತಿ ತೊಟ್ಟಿಯೊಳಗೆ ಬಂದು ಕೂರುತ್ತದೆ.

"ಲೀಟರಿಗೆ ಒಂದು ವ್ಯಾಟ್" ಎಂಬ ಬಾಯಿಲೆಕ್ಕ ಎಲ್ಲರಿಗೂ ಗೊತ್ತು. ನೂರು ಲೀಟರಿನ ತೊಟ್ಟಿಗೆ ಅದು ಸುಮಾರಾಗಿ ಹೊಂದುತ್ತದೆ, ಐನೂರಕ್ಕೆ ಹೊಂದುವುದಿಲ್ಲ. ಒಮ್ಮೆ ಬಿಸಿಯಾದ ನೀರನ್ನು ಬಿಸಿಯಾಗಿ ಇಡಲು ಬೇಕಾದ ಶಾಖ ನೀರಿನ ಪ್ರಮಾಣವನ್ನು ಅವಲಂಬಿಸಿಲ್ಲ. ಗಾಜು ಮತ್ತು ನೀರಿನ ಮೇಲ್ಮೈಯಿಂದ ಎಷ್ಟು ಶಾಖ ಹೊರಗೆ ಹೋಗುತ್ತದೋ ಅಷ್ಟನ್ನು ತುಂಬಿಕೊಡುವುದಷ್ಟೇ ಹೀಟರ್‌ನ ಕೆಲಸ. 60×40×40 ಸೆಂಟಿಮೀಟರಿನ ತೊಟ್ಟಿಯಲ್ಲಿ ಆರೂ ಮುಖ ಸೇರಿಸಿದರೆ ಪ್ರತಿ ಲೀಟರಿಗೆ ಸುಮಾರು 133 ಚದರ ಸೆಂಟಿಮೀಟರ್ ಮೇಲ್ಮೈ ಇರುತ್ತದೆ. 150×60×60ರ ತೊಟ್ಟಿಯಲ್ಲಿ ಅದು 80ಕ್ಕೆ ಇಳಿಯುತ್ತದೆ. ಹಾಗಾಗಿ ದೊಡ್ಡ ತೊಟ್ಟಿಗೆ ಲೀಟರಿಗೆ ಅರ್ಧ ವ್ಯಾಟ್ ಸಾಕಾಗುವುದುಂಟು. ಮುಚ್ಚಳವಿಲ್ಲದೆ ಚಳಿಯ ಕೋಣೆಯಲ್ಲಿದ್ದರೆ ಒಂದೂ ಸಾಲದೆ ಹೋಗುವುದುಂಟು. ಪೆಟ್ಟಿಗೆಯ ಮೇಲಿನ "ಇಷ್ಟು ಲೀಟರಿಗೆ" ಎಂಬ ಬರಹಕ್ಕೆ ನಿಮ್ಮ ಕೋಣೆ ಎಷ್ಟು ತಣ್ಣಗಿದೆ ಎಂಬುದು ಗೊತ್ತಿಲ್ಲ. ತೊಟ್ಟಿಯನ್ನೇ ಅಳೆದು ನೋಡಬೇಕು, ಅದು ಒಂದು ಸಂಜೆಯ ಕೆಲಸ.

ಕೈ ಹಾಕುವ ಮುನ್ನ

ನೀರಿಗೆ ಕೈ ಹಾಕುವ ಮೊದಲು ಹೀಟರ್, ಪಂಪ್, ದೀಪ ಎಲ್ಲದರ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ತೊಟ್ಟಿಯ ಸಾಕೆಟ್‌ಗೆ 30 ಮಿಲಿ ಆಂಪಿಯರ್‌ನ ಸೋರಿಕೆ ಬ್ರೇಕರ್ (ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ) ಇರಲೇಬೇಕು. ತಂತಿಗಳು ಸಾಕೆಟ್‌ಗಿಂತ ಕೆಳಗೆ ಒಮ್ಮೆ ಜೋತು ಆಮೇಲೆ ಮೇಲಕ್ಕೆ ಹೋಗುವಂತಿದ್ದರೆ, ತಂತಿಯ ಮೇಲೆ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ ತಲುಪುವುದಿಲ್ಲ.

ಗಾಜಿನ ಹೀಟರ್ ಆದರೆ ಪ್ಲಗ್ ಕಿತ್ತ ಮೇಲೆ 20 ನಿಮಿಷ ನೀರಿನಲ್ಲೇ ಬಿಡಿ. ಬಿಸಿ ಗಾಜು ಗಾಳಿಗೆ ಬಂದು ಮತ್ತೆ ನೀರು ತಾಗಿದರೆ ಸೀಳುತ್ತದೆ. ಗಾಜಿನ ಒಳಗೆ ಹಬೆ ಕಟ್ಟಿದ್ದರೆ, ನೀರಿನ ಹನಿ ಕಂಡರೆ, ಮುಂದಿನ ಪರೀಕ್ಷೆಗಳ ಗೋಜಿಗೆ ಹೋಗಬೇಡಿ. ಆ ಹೀಟರ್ ಮುಗಿದಂತೆ. ಒಣಗಿಸಿ ಮತ್ತೆ ಬಳಸುವವರಿದ್ದಾರೆ, ದಯವಿಟ್ಟು ಬೇಡ.

ಮೊದಲ ಆರೋಪಿ ಥರ್ಮಾಮೀಟರ್

ಗಾಜಿಗೆ ಹೊರಗಿನಿಂದ ಅಂಟಿಸುವ ಬಣ್ಣ ಬದಲಾಗುವ ಪಟ್ಟಿಗಳು ನೀರಿಗೂ ಕೋಣೆಗೂ ನಡುವಿನ ಯಾವುದೋ ಅಂಕಿ ತೋರಿಸುತ್ತವೆ. ಚಳಿಯ ಕೋಣೆಯಲ್ಲಿ, ದಪ್ಪ ಗಾಜಿನ ದೊಡ್ಡ ತೊಟ್ಟಿಯಲ್ಲಿ, ಒಂದೆರಡು ಡಿಗ್ರಿ ಕಡಿಮೆ ತೋರಿಸುವುದು ಮಾಮೂಲು. ಇಡೀ ದೂರು ಇಲ್ಲಿಗೇ ಮುಗಿಯುವ ತೊಟ್ಟಿಗಳೂ ಇವೆ.

ನೀರಿನೊಳಗಿಡುವ ಥರ್ಮಾಮೀಟರನ್ನು ಎರಡು ಕಡೆ ಪರೀಕ್ಷಿಸಿ. ಲೋಟದ ತುಂಬ ಪುಡಿ ಮಾಡಿದ ಮಂಜುಗಡ್ಡೆ ಹಾಕಿ, ಸಂದು ತುಂಬುವಷ್ಟು ಮಾತ್ರ ನೀರು ಸುರಿದು, ಕಲಕುತ್ತ ಮೂರು ನಿಮಿಷ ಬಿಡಿ. ಅದು 0 ತೋರಿಸಬೇಕು. ಇನ್ನೊಂದು ಕಡೆ, ಮೈ ಬಿಸಿಯಷ್ಟು ಬೆಚ್ಚಗಿನ ನೀರಿನಲ್ಲಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನೂ ಇದನ್ನೂ ಒಟ್ಟಿಗೆ ಅದ್ದಿ. ಜ್ವರದ ಥರ್ಮಾಮೀಟರ್ 32ರಿಂದ 42 ಡಿಗ್ರಿಯವರೆಗೆ ಬಹಳ ನಿಖರ, ಮನೆಯಲ್ಲಿ ಸಿಗುವ ಒಳ್ಳೆಯ ಮಾನದಂಡ ಅದೇ. ಎರಡೂ ಕಡೆ ಒಂದೇ ಪ್ರಮಾಣದ ವ್ಯತ್ಯಾಸ ಬಂದರೆ ಅದನ್ನು ಕಳೆದು ಓದಿಕೊಂಡರೆ ಆಯಿತು. ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಬಂದರೆ ಆ ಥರ್ಮಾಮೀಟರ್ ಬಿಸಾಡಿ. ಮುಂದಿನ ಪರೀಕ್ಷೆಗಳಿಗೆ 0.1 ಡಿಗ್ರಿ ತೋರಿಸುವ ಡಿಜಿಟಲ್ ಥರ್ಮಾಮೀಟರ್ ಬೇಕಾಗುತ್ತದೆ.

ಹೀಟರ್‌ನ ಗುಂಡಿಯ ಮೇಲಿನ ಅಂಕಿಯನ್ನಂತೂ ಅಳತೆ ಎಂದು ನಂಬಬೇಡಿ. ಒಂದೆರಡು ಡಿಗ್ರಿ ಆಚೀಚೆ ಇರುವುದು ಅದಕ್ಕೆ ಸಹಜ. ನೀರು 25ಕ್ಕೆ ನಿಂತು ದೀಪ ಸರಿಯಾಗಿ ಆರಿ ಹತ್ತುತ್ತಿದ್ದರೆ ಗುಂಡಿಯನ್ನು ಒಂದು ಡಿಗ್ರಿ ಏರಿಸಿ, 24 ಗಂಟೆ ಕಾಯಿರಿ. ದೊಡ್ಡ ತೊಟ್ಟಿ ನಿಧಾನ. ಗಂಟೆಗೊಮ್ಮೆ ಗುಂಡಿ ತಿರುಗಿಸುವವರು ರಾತ್ರಿ ಹೊತ್ತಿಗೆ ಎಲ್ಲಿಟ್ಟೆವೆಂದೇ ಮರೆತಿರುತ್ತಾರೆ.

ದೀಪ ಮತ್ತು ವ್ಯಾಟ್ ಮೀಟರ್

ಸಾಕೆಟ್‌ಗೂ ಪ್ಲಗ್‌ಗೂ ನಡುವೆ ಸಿಕ್ಕಿಸುವ ವ್ಯಾಟ್ ಮೀಟರ್ ಒಂದಿದ್ದರೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ. ದೀಪ ಹೊತ್ತಿರುವಾಗ ಮೀಟರ್ ನೋಡಿ.

ದೀಪ ಇದೆ, ಮೀಟರ್ ಸೊನ್ನೆಯ ಹತ್ತಿರ ಇದೆ: ಒಳಗಿನ ಶಾಖದ ತಂತಿ ತುಂಡಾಗಿದೆ. ಹಲವು ಹೀಟರ್‌ಗಳಲ್ಲಿ ದೀಪ ಉರಿಯುವುದು ಥರ್ಮೋಸ್ಟಾಟ್ (ಉಷ್ಣಾಂಶ ನೋಡಿ ವಿದ್ಯುತ್ ಹರಿಸುವ, ಕಡಿಯುವ ಒಳಗಿನ ಸ್ವಿಚ್) ಕೂಡಿದೆ ಎಂಬುದಕ್ಕಷ್ಟೇ ಸಾಕ್ಷಿ, ತಂತಿ ಕಾಯುತ್ತಿದೆ ಎಂಬುದಕ್ಕಲ್ಲ. ಎರಡು ಹೀಟರ್ ಇರುವ ತೊಟ್ಟಿಯಲ್ಲಿ ಇದು ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯುತ್ತದೆ. ಬೇಸಿಗೆಯಲ್ಲಿ ಸತ್ತ ಹೀಟರ್ ಚಳಿ ಬಂದ ಮೇಲೆ ಬೆಳಕಿಗೆ ಬರುತ್ತದೆ.

ದೀಪ ಇದೆ, ಮೀಟರ್ ಬರೆದ ವ್ಯಾಟಿಗಿಂತ ಬಹಳ ಕಡಿಮೆ ತೋರಿಸುತ್ತದೆ: ವೋಲ್ಟೇಜ್ ನೋಡಿ. ಹೀಟರ್‌ನ ಶಕ್ತಿ ವೋಲ್ಟೇಜಿನ ವರ್ಗದಂತೆ ಏರಿಳಿಯುತ್ತದೆ. 230 ವೋಲ್ಟ್‌ಗೆ 300 ವ್ಯಾಟ್ ಎಂದು ಬರೆದ ಹೀಟರ್ 207 ವೋಲ್ಟ್‌ನಲ್ಲಿ 243 ವ್ಯಾಟ್, 190ರಲ್ಲಿ 205 ವ್ಯಾಟ್ ಮಾತ್ರ ಕೊಡುತ್ತದೆ. ಸಂಜೆ ಎಲ್ಲ ಮನೆಗಳೂ ವಿದ್ಯುತ್ ಎಳೆಯುವ ಹೊತ್ತಿಗೆ ವೋಲ್ಟೇಜ್ ಬೀಳುವ ಕಡೆ, ಹಗಲಲ್ಲಿ ಸರಿಯಿದ್ದ ತೊಟ್ಟಿ ರಾತ್ರಿ ತಣ್ಣಗಾಗುವುದಕ್ಕೆ ಚಳಿಯೊಂದೇ ಕಾರಣವಲ್ಲ. ಬೇರೆ ದೇಶದ ವೋಲ್ಟೇಜಿಗೆ ಮಾಡಿದ ಹೀಟರ್ ಕೈಗೆ ಬಂದಿದ್ದರೆ ಇನ್ನೂ ಸ್ಪಷ್ಟ: 230ರದ್ದನ್ನು 115ಕ್ಕೆ ಹಾಕಿದರೆ ಕಾಲು ಭಾಗದ ಶಕ್ತಿ, ತಿರುವುಮುರುವು ಮಾಡಿದರೆ ನಾಲ್ಕು ಪಟ್ಟು, ಆಗ ಅದು ಸುಟ್ಟೇ ಹೋಗುತ್ತದೆ.

ದೀಪ ಇಲ್ಲ, ನೀರು ತಣ್ಣಗಿದೆ: ನೀರು ಸಾಕಷ್ಟು ಬಿಸಿಯಾಗಿದೆ ಎಂದು ಥರ್ಮೋಸ್ಟಾಟ್ ತಿಳಿದುಕೊಂಡಿದೆ. ಇದು ವ್ಯಾಟಿನ ಸಮಸ್ಯೆಯಲ್ಲ, ಹರಿವಿನದ್ದು ಅಥವಾ ಥರ್ಮೋಸ್ಟಾಟಿನದ್ದು. ಅದರ ವಿಷಯ ಮುಂದೆ ಇದೆ.

ದೀಪ ಇದೆ, ಮೀಟರ್ ಪೂರ್ತಿ ವ್ಯಾಟ್ ತೋರಿಸುತ್ತದೆ, ಆದರೂ ನೀರು ಏರುತ್ತಿಲ್ಲ: ಈಗ ಮಾತ್ರ ಹೀಟರ್ ಸಾಲುತ್ತಿಲ್ಲ ಎನ್ನಬಹುದು. ಹೀಟರ್ ಹಳೆಯದಾಗಿ ಸೊರಗಿದೆ ಎಂಬ ಮಾತಿಗೆ ಅರ್ಥವಿಲ್ಲ. ಅದು ಎಳೆದ ವಿದ್ಯುತ್ತೆಲ್ಲ ನೀರಿಗೆ ಶಾಖವಾಗಿಯೇ ಇಳಿಯುತ್ತದೆ, ಬೇರೆಲ್ಲಿಗೂ ಹೋಗಲು ದಾರಿಯಿಲ್ಲ.

ಮೀಟರ್ ಇಲ್ಲದಿದ್ದರೆ ಮಲ್ಟಿಮೀಟರ್ ನೆರವಿಗೆ ಬರುತ್ತದೆ, ಗುಂಡಿ ತಿರುಗಿಸುವ ಹಳೆಯ ಮಾದರಿಯ ಹೀಟರ್‌ಗಳಲ್ಲಿ ಮಾತ್ರ. ಪ್ಲಗ್ ಕಿತ್ತು, ಗುಂಡಿಯನ್ನು ತುತ್ತತುದಿಗೆ ತಿರುಗಿಸಿ (ಆಗ ಥರ್ಮೋಸ್ಟಾಟ್ ಕೂಡಿರುತ್ತದೆ), ಪ್ಲಗ್‌ನ ಎರಡು ಕಾಲುಗಳ ನಡುವೆ ರೋಧ ಅಳೆಯಿರಿ. 230 ವೋಲ್ಟಿನ ಹೀಟರ್‌ಗೆ 100 ವ್ಯಾಟ್ ಆದರೆ ಸುಮಾರು 529 ಓಮ್, 200 ವ್ಯಾಟ್ ಆದರೆ 264, 300 ವ್ಯಾಟ್ ಆದರೆ 176 ಬರಬೇಕು. ಮೀಟರ್ ಅನಂತ ತೋರಿಸಿದರೆ ತಂತಿ ತುಂಡು ಅಥವಾ ಥರ್ಮೋಸ್ಟಾಟ್ ಕೂಡುತ್ತಿಲ್ಲ. ಅಂಕಿ ತೋರಿಸುವ ಎಲೆಕ್ಟ್ರಾನಿಕ್ ಹೀಟರ್‌ಗಳಲ್ಲಿ ಈ ಅಳತೆ ನಡೆಯುವುದಿಲ್ಲ, ವಿದ್ಯುತ್ ಇಲ್ಲದೆ ಒಳಗಿನ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಕೂಡುವುದೇ ಇಲ್ಲ.

ತಣಿಯುವ ಪರೀಕ್ಷೆ

ತೊಟ್ಟಿ ಎಷ್ಟು ವ್ಯಾಟ್ ಸೋರುತ್ತಿದೆ ಎಂದು ತೊಟ್ಟಿಯಿಂದಲೇ ಹೇಳಿಸುವ ವಿಧಾನ ಇದು. ಬೇಕಾದದ್ದು ಗಡಿಯಾರ, ಥರ್ಮಾಮೀಟರ್, ಮತ್ತು ನೀರಿನ ನಿಜವಾದ ಪ್ರಮಾಣ.

ಪ್ರಮಾಣದಿಂದ ಶುರು ಮಾಡೋಣ, ಇಲ್ಲೇ ಹೆಚ್ಚಿನವರು ಎಡವುವುದು. 150×60×60ರ ತೊಟ್ಟಿಯನ್ನು 540 ಲೀಟರ್ ಎಂದು ಮಾರುತ್ತಾರೆ. ನೀರು ನಿಲ್ಲುವುದು 55 ಸೆಂಟಿಮೀಟರ್ ಎತ್ತರಕ್ಕೆ, ಅಲ್ಲಿಗೆ 495 ಆಯಿತು. ಗಾಜಿನ ದಪ್ಪ, ತಳದ ಮರಳು, ಕಲ್ಲು, ಮರದ ತುಂಡು ಕಳೆದರೆ ಉಳಿಯುವುದು 430ರ ಆಸುಪಾಸು. ಮುಂದಿನ ಲೆಕ್ಕಕ್ಕೆ ಈ 430 ಬೇಕು. ಕೆಳಗೆ ಸಂಪ್ (ಫಿಲ್ಟರ್, ಪಂಪ್ ಇಡುವ ಎರಡನೆಯ ತೊಟ್ಟಿ) ಇದ್ದರೆ ಅದರ ನೀರನ್ನೂ ಸೇರಿಸಿ.

ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಅಥವಾ ಇಳಿಯಲು 1.163 ವ್ಯಾಟ್-ಗಂಟೆ ಶಕ್ತಿ ಬೇಕು. 430 ಲೀಟರಿಗೆ ಅದು 500 ವ್ಯಾಟ್-ಗಂಟೆ. ಈ ಅಂಕಿಯನ್ನು ತೊಟ್ಟಿಯ ಹಿಂದೆ ಎಲ್ಲಾದರೂ ಬರೆದಿಡಿ, ಮತ್ತೆ ಮತ್ತೆ ಬೇಕಾಗುತ್ತದೆ.

ಸಂಜೆ, ಕೋಣೆಯ ಉಷ್ಣಾಂಶ ಒಂದೇ ಸಮನಾಗಿರುವ ಹೊತ್ತಿನಲ್ಲಿ, ಹೀಟರ್‌ಗಳ ಪ್ಲಗ್ ಕಿತ್ತಿಡಿ. ತೊಟ್ಟಿಯ ದೀಪವನ್ನೂ ಆರಿಸಿ. ಫಿಲ್ಟರ್, ಏರ್ ಪಂಪ್ ಎಂದಿನಂತೆ ನಡೆಯಲಿ, ಮುಚ್ಚಳ ಎಂದಿನಂತಿರಲಿ. ನೀರಿನ ಮತ್ತು ಕೋಣೆಯ ಉಷ್ಣಾಂಶ ಬರೆದುಕೊಳ್ಳಿ. ನಾಲ್ಕು ಗಂಟೆ ಬಿಟ್ಟು ಮತ್ತೆ ಬರೆಯಿರಿ. ಅಷ್ಟರೊಳಗೆ ಒಂದೂವರೆ ಡಿಗ್ರಿ ಇಳಿದುಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಉತ್ತರ ಸಿಕ್ಕಿದೆ, ಮೀನುಗಳನ್ನು ಇನ್ನೂ ನಡುಗಿಸಬೇಕಿಲ್ಲ.

ಉದಾಹರಣೆಗೆ, 26.0ರಿಂದ ನಾಲ್ಕು ಗಂಟೆಯಲ್ಲಿ 25.0ಕ್ಕೆ ಇಳಿಯಿತು, ಕೋಣೆ 20ರಲ್ಲೇ ಇತ್ತು ಎನ್ನೋಣ. ಗಂಟೆಗೆ ಕಾಲು ಡಿಗ್ರಿ ಇಳಿತ. 500ರ ಕಾಲು ಭಾಗ ಎಂದರೆ 125 ವ್ಯಾಟ್. ಆದರೆ ನೀರಿನೊಳಗೆ 20 ವ್ಯಾಟಿನ ಪಂಪ್ ಓಡುತ್ತಿತ್ತಲ್ಲ, ಅದರ ವಿದ್ಯುತ್ತೂ ಹೆಚ್ಚುಕಡಿಮೆ ಪೂರ್ತಿ ಶಾಖವಾಗಿಯೇ ನೀರಿಗೆ ಸೇರಿದೆ. ಹಾಗಾಗಿ ತೊಟ್ಟಿ ನಿಜಕ್ಕೂ ಕಳೆದುಕೊಂಡದ್ದು 145 ವ್ಯಾಟ್. ಈ ನಾಲ್ಕು ಗಂಟೆಯಲ್ಲಿ ನೀರಿಗೂ ಕೋಣೆಗೂ ಸರಾಸರಿ ವ್ಯತ್ಯಾಸ ಐದೂವರೆ ಡಿಗ್ರಿ. 145ನ್ನು 5.5ರಿಂದ ಭಾಗಿಸಿದರೆ ಸುಮಾರು 26. ಕೋಣೆಗಿಂತ ನೀರು ಒಂದೊಂದು ಡಿಗ್ರಿ ಬೆಚ್ಚಗಿರಬೇಕಾದರೂ 26 ವ್ಯಾಟ್ ಖರ್ಚು ಎಂದರ್ಥ. ಇದು ನಿಮ್ಮ ತೊಟ್ಟಿಯ ಸೋರಿಕೆಯ ಅಂಕಿ. ಗಾಜು, ಮುಚ್ಚಳ, ಜಾಗ ಬದಲಾಗದಿದ್ದರೆ ಇದೂ ಹೆಚ್ಚು ಬದಲಾಗದು.

ಹೀಟರ್ ಹಗಲಿರುಳೂ ಉರಿದು ಒಂದೇ ಉಷ್ಣಾಂಶಕ್ಕೆ ನಿಂತುಬಿಟ್ಟ ತೊಟ್ಟಿಯಲ್ಲಿ ಈ ಪರೀಕ್ಷೆಯೂ ಬೇಕಿಲ್ಲ. ಹೀಟರ್‌ನ ನಿಜವಾದ ವ್ಯಾಟಿಗೆ ಪಂಪಿನ ವ್ಯಾಟ್ ಕೂಡಿಸಿ, ನೀರಿಗೂ ಕೋಣೆಗೂ ಇರುವ ವ್ಯತ್ಯಾಸದಿಂದ ಭಾಗಿಸಿದರೆ ಅದೇ ಅಂಕಿ ಸಿಗುತ್ತದೆ. 150 ವ್ಯಾಟಿನ ಹೀಟರ್, 20ರ ಪಂಪ್, ಕೋಣೆ 16, ನೀರು 22.5ಕ್ಕೆ ನಿಂತಿದೆ: 170ನ್ನು 6.5ರಿಂದ ಭಾಗಿಸಿ, ಮತ್ತೆ 26. ಆದರೆ ಕೋಣೆಯ ಉಷ್ಣಾಂಶ ಹಗಲು ರಾತ್ರಿ ಏರಿಳಿಯುವ ಕಡೆ ಇದು ಅಷ್ಟು ನಂಬಿಕೆಯದ್ದಲ್ಲ. ದೊಡ್ಡ ತೊಟ್ಟಿ ಕೋಣೆಯ ಹಿಂದೆ ಗಂಟೆಗಟ್ಟಲೆ ತಡವಾಗಿ ಚಲಿಸುತ್ತದೆ.

ಅಂಕಿಯಿಂದ ಹೀಟರ್‌ಗೆ

ಈಗ ಬೇಕಾದದ್ದು ಅತಿ ತಣ್ಣನೆಯ ರಾತ್ರಿಯ ಕೋಣೆಯ ಉಷ್ಣಾಂಶ. ಕನಿಷ್ಠ-ಗರಿಷ್ಠ ನೆನಪಿಡುವ ಥರ್ಮಾಮೀಟರನ್ನು ತೊಟ್ಟಿಯ ಎತ್ತರದಲ್ಲೇ ಕೆಲವು ರಾತ್ರಿ ಇಡಿ. ಮಲಗುವಾಗ 20 ಇದ್ದ ಕೋಣೆ ನಸುಕಿನಲ್ಲಿ 16 ಆಗಿರಬಹುದು, ಎಸಿ ಓಡುವ ಕೋಣೆಯಲ್ಲಿ ನಡುಬೇಸಿಗೆಯಲ್ಲೂ ಹೀಗಾಗಬಹುದು.

ನೀರು 26 ಬೇಕು, ಕೋಣೆ 16, ವ್ಯತ್ಯಾಸ 10. 26 ವ್ಯಾಟ್ × 10 = 260. ಪಂಪ್ ಕೊಡುವ 20 ಕಳೆದರೆ 240. ಇದಕ್ಕೆ 1.3ರಿಂದ 1.5 ಪಟ್ಟು ಹೆಚ್ಚು ಹಿಡಿಯಿರಿ. ಕಾರಣಗಳು ಮೂರು: ವೋಲ್ಟೇಜ್ ಬೀಳಬಹುದು. ಕಲ್ಲು, ಮರಳುಗಳೂ ಶಾಖ ಹಿಡಿದಿಟ್ಟಿರುವುದರಿಂದ ತಣಿಯುವ ಪರೀಕ್ಷೆ ಸೋರಿಕೆಯನ್ನು ಸ್ವಲ್ಪ ಕಡಿಮೆಯೇ ತೋರಿಸಿರುತ್ತದೆ. ಮತ್ತು ಹೀಟರ್‌ಗೆ ಉಸಿರು ಬಿಡಲು ಬಿಡುವು ಬೇಕು. ಲೆಕ್ಕ 310ರಿಂದ 360ರ ನಡುವೆ ಬಂತು. ವೋಲ್ಟೇಜ್ ನೆಟ್ಟಗಿದ್ದರೆ 150ರ ಎರಡು ಹೇಗೋ ನಿಭಾಯಿಸುತ್ತವೆ. ವೋಲ್ಟೇಜ್ ಮೇಲೆ ಭರವಸೆ ಇಲ್ಲದಿದ್ದರೆ 200ರ ಎರಡು.

ಒಂದೇ 400 ಯಾಕಲ್ಲ? ಹೀಟರ್‌ಗಳು ಎರಡು ರೀತಿ ಸಾಯುತ್ತವೆ, ಆರಿ ಸಾಯುವುದು ಮತ್ತು ಹೊತ್ತಿಕೊಂಡೇ ಸಾಯುವುದು. ಎರಡನೆಯದರಲ್ಲಿ ಥರ್ಮೋಸ್ಟಾಟಿನ ಸಂಪರ್ಕ ಬಿಂದುಗಳು ಬೆಸೆದುಕೊಂಡು ವಿದ್ಯುತ್ ನಿಲ್ಲುವುದೇ ಇಲ್ಲ. ನಮ್ಮ ಉದಾಹರಣೆಯ ತೊಟ್ಟಿಯಲ್ಲಿ 400 ವ್ಯಾಟ್ ಹಾಗೆ ಅಂಟಿಕೊಂಡರೆ, ಪಂಪ್ ಸೇರಿ 420ನ್ನು 26ರಿಂದ ಭಾಗಿಸಿ: ಕೋಣೆಗಿಂತ 16 ಡಿಗ್ರಿ ಮೇಲೆ. 20ರ ಕೋಣೆಯಲ್ಲಿ ನೀರು 36. 200 ವ್ಯಾಟ್ ಒಂದೇ ಅಂಟಿಕೊಂಡರೆ ಎಂಟೂವರೆ ಡಿಗ್ರಿ ಮೇಲೆ, ಅಂದರೆ 28.5. ಮೊದಲನೆಯದರಲ್ಲಿ ತೊಟ್ಟಿ ಖಾಲಿ, ಎರಡನೆಯದರಲ್ಲಿ ಮೀನುಗಳಿಗೆ ಸೆಕೆ. ಇನ್ನು ಒಂದು ಆರಿ ಸತ್ತರೆ ಉಳಿದೊಂದು ಚಳಿಯ ರಾತ್ರಿಯಲ್ಲೂ ನೀರನ್ನು 24.5ರ ಹತ್ತಿರ ಹಿಡಿದಿಡುತ್ತದೆ. ಹೊಸ ಹೀಟರ್ ತರಲು ಸಮಯ ಸಿಗುತ್ತದೆ.

ದೊಡ್ಡ ಹೀಟರ್ ಹೆಚ್ಚು ಕರೆಂಟ್ ತಿನ್ನುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ದಿನದ ಯೂನಿಟ್ ಎಷ್ಟು ಎಂದು ತೀರ್ಮಾನಿಸುವುದು ಸೋರಿಕೆ. 300 ವ್ಯಾಟ್ 12 ಗಂಟೆ ಉರಿದರೂ 3.6 ಯೂನಿಟ್, 150 ವ್ಯಾಟ್ 24 ಗಂಟೆ ಉರಿದರೂ ಅಷ್ಟೇ. ಹೀಟರ್ ಅಳತೆ ಹೊಂದಿದೆಯೇ ಎಂದು ನೋಡಲು ಇದೇ ಲೆಕ್ಕ ಬಳಸಿ. 300 ವ್ಯಾಟ್ ದಿನವಿಡೀ ಉರಿದರೆ 7.2 ಯೂನಿಟ್. ಅತಿ ಚಳಿಯ ದಿನ ಮೀಟರಿನಲ್ಲಿ 4.5ರಿಂದ 5.5 ಬಂದರೆ ಹೀಟರ್ ಸರಿಯಾದ ಗಾತ್ರದ್ದು. 7 ಬಂದರೆ ಅಂಚಿನಲ್ಲಿದೆ. 2 ಬಂದರೆ ಅಗತ್ಯಕ್ಕಿಂತ ದೊಡ್ಡದಾಯಿತು.

ಇನ್ನೊಂದು ಸನ್ನಿವೇಶ ಬೇರೆಯಾಗಿಯೇ ನೋಡಬೇಕು. 25 ಡಿಗ್ರಿಗೆಂದು ಲೆಕ್ಕ ಹಾಕಿ ತಂದ ಹೀಟರ್, ಬಿಳಿ ಚುಕ್ಕೆ ರೋಗಕ್ಕೆಂದು ನೀರನ್ನು 30ಕ್ಕೆ ಏರಿಸಲು ಹೊರಟಾಗ ಸೋಲುತ್ತದೆ. ಐದು ಡಿಗ್ರಿ ಹೆಚ್ಚೆಂದರೆ ಈ ತೊಟ್ಟಿಗೆ 130 ವ್ಯಾಟ್ ಹೆಚ್ಚು. 28ರಿಂದ 30 ಡಿಗ್ರಿ ಬಯಸುವ ಡಿಸ್ಕಸ್ ಮೀನು ತರುವ ಯೋಚನೆ ಇದ್ದರೆ ಲೆಕ್ಕವನ್ನು ಆ ಉಷ್ಣಾಂಶಕ್ಕೇ ಹಾಕಿ.

ವ್ಯಾಟ್ ಏರಿಸುವ ಮೊದಲು ಸೋರಿಕೆ ಇಳಿಸಿ

ಎಲ್ಲಕ್ಕಿಂತ ದೊಡ್ಡ ಕಳ್ಳ ಆವಿ. ಒಂದು ಲೀಟರ್ ನೀರು ಆವಿಯಾಗಿ ಹೋದರೆ ಸುಮಾರು 675 ವ್ಯಾಟ್-ಗಂಟೆ ಶಾಖ ಅದರೊಂದಿಗೆ ಹೋಗುತ್ತದೆ. ದಿನಕ್ಕೆ ಒಂದು ಲೀಟರ್ ಎಂದರೆ ಎಡೆಬಿಡದ 28 ವ್ಯಾಟ್. ಅಳೆಯುವುದು ಸುಲಭ: 150×60ರ ಮೇಲ್ಮೈಯಲ್ಲಿ ಒಂದು ಮಿಲಿಮೀಟರ್ ಇಳಿದರೆ 0.9 ಲೀಟರ್. ಗಾಜಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಮೂರು ದಿನ ಬಿಟ್ಟು ನೋಡಿ. ದಿನಕ್ಕೆ ನಾಲ್ಕು ಮಿಲಿಮೀಟರ್ ಇಳಿಯುತ್ತಿದ್ದರೆ ನೂರು ವ್ಯಾಟಿನ ಹೀಟರ್ ಒಂದು ಬರೀ ಆವಿಗಾಗಿ ಉರಿಯುತ್ತಿದೆ. ಮೇಲ್ಮೈಗೆ ಗಾಜಿನ ಹಲಗೆ ಮುಚ್ಚಿ, ತಂತಿ-ಕೊಳವೆಗಳಿಗೆ ಬೇಕಾದಷ್ಟೇ ಸಂದು ಬಿಡಿ. ತೆರೆದ ಸಂಪ್ ಇದ್ದರೆ ಅದನ್ನೂ ಮುಚ್ಚಿ. ಮೇಲೆ ಚಂದದ ಮುಚ್ಚಳ, ಕೆಳಗೆ ಬಾಯಿ ತೆರೆದ ಸಂಪ್ ಇರುವ ತೊಟ್ಟಿಗಳು ಬೇಕಾದಷ್ಟಿವೆ. ಫ್ಯಾನಿನ ಗಾಳಿ ನೇರವಾಗಿ ನೀರಿನ ಮೇಲೆ ಬೀಸದಂತೆಯೂ ನೋಡಿಕೊಳ್ಳಿ.

ಎರಡನೆಯದು ಹಿಂಬದಿಯ ಗಾಜು. ಅಲ್ಲಿ 20 ಮಿಲಿಮೀಟರ್ ದಪ್ಪದ ಥರ್ಮೊಕೋಲ್ ಹಾಳೆಯನ್ನು ಗಾಜಿಗೆ ಒತ್ತಿ ನಿಲ್ಲಿಸಿದರೆ, ಈ ಗಾತ್ರದ ತೊಟ್ಟಿಯಲ್ಲಿ ಡಿಗ್ರಿಗೆ ನಾಲ್ಕೂವರೆ ವ್ಯಾಟ್ ಉಳಿಯುತ್ತದೆ. ಹತ್ತು ಡಿಗ್ರಿ ವ್ಯತ್ಯಾಸದಲ್ಲಿ 45 ವ್ಯಾಟ್. ಗಾಜಿಗೂ ಹಾಳೆಗೂ ನಡುವೆ ಗಾಳಿ ಹರಿಯುವಷ್ಟು ಸಂದು ಬಿಟ್ಟರೆ ಲಾಭ ಬಹುಪಾಲು ಹೋಗುತ್ತದೆ. ಪಕ್ಕದ ಗಾಜುಗಳಿಗೂ ಹೀಗೇ ಮಾಡಬಹುದು, ಕಣ್ಣಿಗೆ ಒಪ್ಪಿದರೆ. ತಳದಲ್ಲಿ ಸಾಮಾನ್ಯವಾಗಿ ಫೋಮ್ ಹಾಳೆ ಮೊದಲೇ ಇರುತ್ತದೆ.

ಇಷ್ಟಾದ ಮೇಲೆ ತಣಿಯುವ ಪರೀಕ್ಷೆ ಇನ್ನೊಮ್ಮೆ ಮಾಡಿ. 26 ಇದ್ದ ಅಂಕಿ 20ಕ್ಕೆ ಬಂದಿದ್ದರೆ ಇರುವ ಹೀಟರೇ ಸಾಕಾಗಬಹುದು.

ದೀಪ ಆರುತ್ತದೆ, ನೀರು ತಣ್ಣಗಿದೆ

ತೊಟ್ಟಿಯ ಎರಡೂ ತುದಿಯಲ್ಲಿ, ಮೇಲೆ ಮತ್ತು ತಳದಲ್ಲಿ, ಉಷ್ಣಾಂಶ ಅಳೆಯಿರಿ. ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ದೋಷ ಹರಿವಿನದು. ಹೀಟರ್ ತನ್ನ ಸುತ್ತಲಿನ ನೀರನ್ನು ಬೇಗ ಕಾಯಿಸಿ, ಕೆಲಸ ಮುಗಿಯಿತೆಂದು ಆರುತ್ತದೆ. ದೀಪ ಕೆಲವೇ ನಿಮಿಷಗಳಿಗೊಮ್ಮೆ ಹತ್ತಿ ಆರುವುದು ಇದರ ಗುರುತು. ಒಂದೂವರೆ ಮೀಟರ್ ಉದ್ದದ ತೊಟ್ಟಿಯಲ್ಲಿ, ಅದೂ ಗಿಡ ಕಲ್ಲುಗಳ ಮರೆಯಲ್ಲಿ ಹೀಟರ್ ಇಟ್ಟಿದ್ದರೆ, ಇದು ಆಗದಿದ್ದರೇ ಆಶ್ಚರ್ಯ.

ಹೀಟರನ್ನು ಫಿಲ್ಟರಿನಿಂದ ನೀರು ಹೊರಬರುವ ಜಾಗದ ಎದುರಿಗೆ ತನ್ನಿ. ಎರಡಿದ್ದರೆ ಒಂದೊಂದು ತುದಿಗೆ ಒಂದು. ಪೂರ್ತಿ ಮುಳುಗಿಸಬಹುದಾದ ಮಾದರಿಯಾದರೆ ತಳದಿಂದ ಕೆಲವು ಸೆಂಟಿಮೀಟರ್ ಮೇಲೆ ಅಡ್ಡಲಾಗಿ ಮಲಗಿಸಿ. ಕಾದ ನೀರು ತಾನೇ ಮೇಲೇರಿ ಬೆರೆಯುತ್ತದೆ, ನೀರು ಬದಲಿಸುವಾಗ ಹೀಟರ್ ಬರಿದಾಗುವ ಭಯವೂ ಕಡಿಮೆ. ಮರಳಿನಲ್ಲಿ ಹೂಳಬೇಡಿ, ಗಾಜಿಗೆ ನೇರವಾಗಿ ತಾಗಿಸಬೇಡಿ. ಫಿಲ್ಟರ್ ಕೊಳವೆಯ ನಡುವೆ ಕೂರಿಸುವ ಹೀಟರ್ ಹೀಗೆ ಆಡತೊಡಗಿದರೆ ಫಿಲ್ಟರಿನ ಸ್ಪಾಂಜ್ ತೊಳೆಯಿರಿ, ಹರಿವು ಕುಗ್ಗಿರುತ್ತದೆ.

ಗಡಸು ನೀರಿನ ತೊಟ್ಟಿಯಲ್ಲಿ ಹೀಟರ್ ಮೈಮೇಲೆ ಬಿಳಿ ಸುಣ್ಣದ ಪದರ ಕಟ್ಟುತ್ತದೆ. ಶಾಖ ಹೊರಬರಲು ತಡವಾಗಿ ಒಳಗಿನ ಥರ್ಮೋಸ್ಟಾಟ್ ಮೊದಲೇ ಕಾಯುತ್ತದೆ, ಬೇಗ ಆರುತ್ತದೆ. ಹೀಟರ್ ಹೊರತೆಗೆದು ವಿನೆಗರ್‌ನಲ್ಲಿ ಒಂದು ಗಂಟೆ ನೆನೆಸಿ ಮೆತ್ತಗೆ ಉಜ್ಜಿ ತೊಳೆದರೆ ಹೋಗುತ್ತದೆ. ತಂತಿ ಸೇರುವ ತಲೆಯ ಭಾಗ ವಿನೆಗರಿನಲ್ಲಿ ಮುಳುಗದಿರಲಿ.

ನೀರು ಅತಿಯಾಗಿ ಬಿಸಿಯಾದರೆ

ಹೀಟರ್‌ಗಳ ಪ್ಲಗ್ ಕಿತ್ತು, ಏರ್ ಪಂಪ್ ಪೂರ್ತಿ ತೆರೆಯಿರಿ. ಬಿಸಿ ನೀರು ಕಡಿಮೆ ಆಮ್ಲಜನಕ ಹಿಡಿಯುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಹಿಡಿದರೆ 30ರಲ್ಲಿ 7.6 ಮಾತ್ರ, ಅದೇ ಹೊತ್ತಿಗೆ ಮೀನಿಗೆ ಬೇಕಾದದ್ದು ಹೆಚ್ಚಾಗಿರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಅದಕ್ಕೇ. ಮುಚ್ಚಳ ತೆಗೆದು ಫ್ಯಾನ್ ಹಾಕಿ, ಆವಿ ಈಗ ನಿಮ್ಮ ಪರ. ಮಂಜುಗಡ್ಡೆ ಸುರಿಯಬೇಡಿ, ಗಂಟೆಗೆ ಒಂದು ಡಿಗ್ರಿಗಿಂತ ವೇಗವಾಗಿ ಇಳಿಸುವುದೂ ಬೇಡ.

ಆಮೇಲೆ ಹೀಟರನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಂಡಿಯನ್ನು ನೀರಿನ ಉಷ್ಣಾಂಶಕ್ಕಿಂತ ತುಂಬ ಕೆಳಗಿಟ್ಟು ಪ್ಲಗ್ ಹಾಕಿ. ಮೀಟರ್ ವ್ಯಾಟ್ ತೋರಿಸಿದರೆ ಸಂಪರ್ಕ ಬೆಸೆದುಕೊಂಡಿದೆ. ತಟ್ಟಿದರೆ ಬಿಟ್ಟುಕೊಳ್ಳುವುದುಂಟು, ನಾಳೆ ಮತ್ತೆ ಅಂಟುತ್ತದೆ. ತಂತಿ ಕತ್ತರಿಸಿ ಎಸೆಯಿರಿ, ಮತ್ತೊಬ್ಬರು ಎತ್ತಿಕೊಂಡು ಬಳಸದ ಹಾಗೆ. ಮೀಟರ್ ಸೊನ್ನೆ ತೋರಿಸಿದರೆ ಹೀಟರ್ ನಿರ್ದೋಷಿ, ಕೋಣೆಯ ಸೆಕೆ, ದೊಡ್ಡ ಪಂಪ್, ಮುಚ್ಚಳದೊಳಗಿನ ದೀಪ ಇವುಗಳತ್ತ ನೋಡಿ. 40 ವ್ಯಾಟಿನ ಪಂಪ್ ಎರಡಿದ್ದರೆ ಅದೇ ಒಂದು ಹೀಟರ್.

ಹೊರಗಿನ ಕಂಟ್ರೋಲರ್ (ನೀರಿನಲ್ಲಿಟ್ಟ ಸೆನ್ಸರ್ ನೋಡಿ ಹೀಟರ್‌ಗಳ ವಿದ್ಯುತ್ ಹರಿಸುವ, ಕಡಿಯುವ ಸಾಧನ) ಒಂದು ಸೇರಿಸಿದರೆ ಈ ಅಪಾಯ ಬಹಳ ಇಳಿಯುತ್ತದೆ. ಕಂಟ್ರೋಲರ್ 26ಕ್ಕೆ, ಹೀಟರ್‌ಗಳ ಸ್ವಂತ ಗುಂಡಿ 27ಕ್ಕೆ. ಒಂದು ಅಂಟಿಕೊಂಡರೆ ಇನ್ನೊಂದು ಕತ್ತರಿಸುತ್ತದೆ. ಗುಂಡಿಯನ್ನು 32ಕ್ಕೆ ಇಟ್ಟುಬಿಟ್ಟರೆ ಆ ಎರಡನೆಯ ಕಾವಲು ಇಲ್ಲದಂತಾಗುತ್ತದೆ. ಟೈಟಾನಿಯಂ ಹೀಟರ್‌ಗಳಲ್ಲಿ ಹಲವಕ್ಕೆ ಸ್ವಂತ ಥರ್ಮೋಸ್ಟಾಟೇ ಇಲ್ಲ, ಅವನ್ನು ಕಂಟ್ರೋಲರ್ ಇಲ್ಲದೆ ಹಾಕಲೇಬಾರದು. ಕಂಟ್ರೋಲರಿಗೂ ಅದರದೇ ಒಂದು ಕಾಯಿಲೆ ಇದೆ: ಸೆನ್ಸರ್ ತಂತಿ ಜಾರಿ ನೀರಿನಿಂದ ಹೊರಬಿದ್ದರೆ ಅದು ಕೋಣೆಯ ಗಾಳಿಯನ್ನು ಅಳೆದು, ನೀರು ತಣ್ಣಗಿದೆ ಎಂದು ಹೀಟರ್‌ಗಳನ್ನು ಉರಿಸುತ್ತಲೇ ಇರುತ್ತದೆ. ರಬ್ಬರ್ ಬಟ್ಟಲಿನ ಹಿಡಿತವನ್ನಷ್ಟೇ ನಂಬದೆ ಸೆನ್ಸರನ್ನು ಗಟ್ಟಿಯಾಗಿ ಕಟ್ಟಿ, ನೀರು ಬದಲಿಸುವಾಗಲೂ ಮುಳುಗಿರುವಷ್ಟು ಆಳದಲ್ಲಿಡಿ.

ಸಂಪ್‌ನಲ್ಲಿ ಹೀಟರ್ ಇಡುವವರು ಅದರ ಕೊನೆಯ ಖಾನೆ, ಅಂದರೆ ಪಂಪ್ ಇರುವ ಖಾನೆಯನ್ನು ತಪ್ಪಿಸಿ. ಆವಿಯಾದ ನೀರಿನ ಕೊರತೆಯೆಲ್ಲ ಅಲ್ಲೇ ಕಾಣಿಸಿಕೊಳ್ಳುತ್ತದೆ. ಮಟ್ಟ ಇಳಿದು ಹೀಟರ್ ಅರ್ಧ ಬರಿದಾಗಿ, ಆಮೇಲೆ ನೀರು ಸುರಿದಾಗ ಗಾಜು ಒಡೆಯುತ್ತದೆ. ಮಟ್ಟ ಬದಲಾಗದ ನಡುವಿನ ಖಾನೆ ಸರಿಯಾದ ಜಾಗ.

ನೀರು ಬದಲಿಸಿದ ಮೇಲೆ ತಣ್ಣಗಾಗಿಯೇ ಉಳಿದರೆ

ಇದನ್ನು ಹೀಟರ್ ದೋಷ ಎಂದು ಎಣಿಸಬೇಡಿ. 430 ಲೀಟರಿನಲ್ಲಿ 130 ಲೀಟರ್ ತೆಗೆದು 18 ಡಿಗ್ರಿಯ ನೀರು ತುಂಬಿದರೆ, 26 ಇದ್ದ ತೊಟ್ಟಿ 23.6ಕ್ಕೆ ಬೀಳುತ್ತದೆ. ಮರಳಿ ಏರಲು 1200 ವ್ಯಾಟ್-ಗಂಟೆ ಬೇಕು. 300 ವ್ಯಾಟಿನ ಹೀಟರಿನಲ್ಲಿ 185 ವ್ಯಾಟ್ ದಿನನಿತ್ಯದ ಸೋರಿಕೆಗೇ ಹೋಗುತ್ತಿದ್ದರೆ ಉಳಿಯುವುದು 115, ಅಲ್ಲಿಗೆ ಹತ್ತು ಗಂಟೆ. ಇದಕ್ಕಾಗಿ ದೊಡ್ಡ ಹೀಟರ್ ಹಾಕುವುದು ತಪ್ಪು ದಾರಿ. ಹೊಸ ನೀರನ್ನು ಡ್ರಮ್ಮಿನಲ್ಲಿ ಬೇರೊಂದು ಹೀಟರಿನಿಂದ ಬೆಚ್ಚಗೆ ಮಾಡಿಟ್ಟುಕೊಳ್ಳಿ, ಅಥವಾ 130ರ ಬದಲು 60 ಲೀಟರಿನಂತೆ ಎರಡು ದಿನ ಬದಲಿಸಿ, ಆಗ ಪ್ರತಿ ಸಲವೂ ಇಳಿಯುವುದು ಒಂದು ಡಿಗ್ರಿಯ ಸುತ್ತ.

ಬೇಸಿಗೆ ಶುರುವಾಗಿ ಕೋಣೆ ರಾತ್ರಿಯೂ 24ರ ಕೆಳಗೆ ಇಳಿಯದಂತಾದಾಗ ಎರಡು ಹೀಟರ್‌ಗಳಲ್ಲಿ ಒಂದರ ಪ್ಲಗ್ ಕಿತ್ತಿಡಿ. 28ರ ಕೋಣೆಯಲ್ಲಿ 200 ವ್ಯಾಟ್ ಒಂದೇ ಅಂಟಿಕೊಂಡರೂ ಈ ತೊಟ್ಟಿ 36 ದಾಟುತ್ತದೆ. ಚಳಿ ಮರಳುವ ಮೊದಲು ಕಿತ್ತಿಟ್ಟದ್ದನ್ನು ಬಕೆಟ್‌ನಲ್ಲಿ ಮುಳುಗಿಸಿ, ಮೀಟರ್ ಹಾಕಿ, ಪೂರ್ತಿ ವ್ಯಾಟ್ ಎಳೆಯುತ್ತದೆಯೇ, ಬಿಸಿಯಾದ ಮೇಲೆ ಆರುತ್ತದೆಯೇ ಎಂದು ನೋಡಿ ತೊಟ್ಟಿಗೆ ಇಳಿಸಿ.